ಮನೆ ಆಮೇಲೆ, ಮೊದಲು ನೀರು: ಫೀನಿಕ್ಸ್ ಏರಿಯಾಗಳ ವಿಮರ್ಶೆ, ಕೋಲಾರದಿಂದ ಹೊರಟವರಿಗೆ

ಕೋಲಾರದಲ್ಲಿ ಸೈಟು ನೋಡಲು ಹೋದವರು ಬ್ರೋಕರ್‌ಗೆ ಮೊದಲು ಕೇಳುವುದು "ನೀರು ಹೆಂಗೆ?" ಅಂತ. ರೇಟು ಆಮೇಲೆ. ಬೋರು ಎಷ್ಟು ಅಡಿಗೆ ಬಿತ್ತು, ಪಕ್ಕದ ಸೈಟಿನವರದು ಒಣಗಿತಾ, ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಎಷ್ಟು ತಗೋತಾರೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ ಎಂದು ಎಲ್ಲ ವಿಚಾರಿಸಿಯೇ ಮುಂದಿನ ಮಾತು. ಅದೇ ಮನೆಯ ಮಗನೋ ಮಗಳೋ ಕೆಲಸ ಸಿಕ್ಕಿ ಅಮೆರಿಕದ ಫೀನಿಕ್ಸ್‌ಗೆ ಹೊರಟಾಗ ಈ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಸ್ಕೂಲಿಗೆ ಹತ್ತಕ್ಕೆ ಎಷ್ಟು ಅಂಕ, ಅಡುಗೆಮನೆಗೆ ಯಾವ ಕಲ್ಲು ಹಾಕಿದ್ದಾರೆ, ಹಿತ್ತಲಲ್ಲಿ ಈಜುಕೊಳ ಇದೆಯಾ, ಇಷ್ಟರಲ್ಲೇ ತೀರ್ಮಾನ ಆಗಿಬಿಡುತ್ತದೆ.

ಫೀನಿಕ್ಸ್ ಇರುವುದು ಸೊನೋರನ್ ಮರುಭೂಮಿಯಲ್ಲಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರ್. ಬರದ ಜಿಲ್ಲೆ ಅಂತ ಹೆಸರಾದ ಕೋಲಾರದಲ್ಲೇ ಸರಾಸರಿ 700 ಮಿಲಿಮೀಟರ್ ದಾಟುತ್ತದೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿ. 1990ರ ಜೂನ್ 26ರಂದು 122 ಡಿಗ್ರಿ, ಅಂದರೆ 50 ಸೆಲ್ಸಿಯಸ್, ದಾಖಲಾಗಿದೆ. ಇಂಥ ಊರಿನಲ್ಲಿ ಏರಿಯಾ ಆರಿಸುವುದು ಅಂದರೆ ನೀರು, ನೆರಳು, ಕೆಲಸಕ್ಕೆ ಹೋಗುವ ದಾರಿ ಈ ಮೂರನ್ನು ಆರಿಸುವುದು. ಉಳಿದದ್ದನ್ನು ಆಮೇಲೆ ದುಡ್ಡು ಕೊಟ್ಟು ಸರಿಮಾಡಿಕೊಳ್ಳಬಹುದು.

ಅಲ್ಲಿಗೆ ನೀರು ಬರುವುದು ಮೂರು ದಾರಿಯಲ್ಲಿ. ಮೊದಲನೆಯದು ಸಾಲ್ಟ್ ಮತ್ತು ವರ್ಡೆ ನದಿಗಳದು. 1911ರಲ್ಲಿ ಮುಗಿದ ರೂಸ್‌ವೆಲ್ಟ್ ಅಣೆಕಟ್ಟು, ಅದರ ಕೆಳಗಿನ ಅಣೆಕಟ್ಟುಗಳು, ಊರೊಳಗೆ ಹರಿಯುವ ಕಾಲುವೆಗಳು, ಇವನ್ನು ನೋಡಿಕೊಳ್ಳುವುದು ಸಾಲ್ಟ್ ರಿವರ್ ಪ್ರಾಜೆಕ್ಟ್. ಜನ ಎಸ್‌ಆರ್‌ಪಿ ಅಂತಾರೆ. ಎರಡನೆಯದು ಕೊಲೊರಾಡೊ ನದಿಯ ನೀರು. ಹವಾಸು ಸರೋವರದಿಂದ ಪಂಪ್ ಮಾಡಿ, ಗುಡ್ಡ ಹತ್ತಿಸಿ, 336 ಮೈಲಿ ಕಾಲುವೆಯಲ್ಲಿ ತರುತ್ತಾರೆ. ಅವರ ಎತ್ತಿನಹೊಳೆ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಅದು ಮೂರು ದಶಕದ ಹಿಂದೆಯೇ ಮುಗಿದು ನೀರು ಬರುತ್ತಿದೆ. ಮೂರನೆಯದು ನೆಲದಡಿಯ ನೀರು, ಅಂದರೆ ನಮ್ಮ ಬೋರಿನ ಕಥೆ.

ಈ ಮೂರರಲ್ಲಿ ಎಸ್‌ಆರ್‌ಪಿ ಕಾಲುವೆಯ ಹಕ್ಕಿರುವ ನೆಲವೇ ಗಟ್ಟಿ. ಫೀನಿಕ್ಸ್‌ಗೆ ಹೊಂದಿಕೊಂಡ ಊರುಗಳಲ್ಲಿ ಟೆಂಪೆ, ಮೇಸಾದ ಹಳೇ ಭಾಗ, ಚಾಂಡ್ಲರ್ ಮತ್ತು ಗಿಲ್ಬರ್ಟ್‌ನ ದೊಡ್ಡ ಪಾಲು, ಗ್ಲೆಂಡೇಲ್‌ನ ಒಂದಷ್ಟು ಜಾಗ ಇದರೊಳಗೆ ಬರುತ್ತದೆ. ಕೊಲೊರಾಡೊ ನದಿಯಲ್ಲಿ ಕೊರತೆ ಘೋಷಣೆಯಾಗಿ 2022ರಿಂದ ಫೀನಿಕ್ಸ್ ಇರುವ ಅರಿಜೋನ ರಾಜ್ಯದ ಪಾಲಿಗೆ ಕತ್ತರಿ ಬಿದ್ದಿದೆ. ಮೊದಲ ಪೆಟ್ಟು ಬಿದ್ದದ್ದು ರೈತರಿಗೆ, ನಗರಗಳಿಗೆ ಅಷ್ಟಾಗಿ ತಟ್ಟಲಿಲ್ಲ. ನೆಲದಡಿಯ ನೀರನ್ನೇ ನಂಬಿದ ಹೊರವಲಯದ ಕಥೆ ಬೇರೆ. ಅರಿಜೋನದ 1980ರ ಅಂತರ್ಜಲ ಕಾಯ್ದೆಯ ಚೌಕಟ್ಟಿನಲ್ಲಿ, ಹೊಸ ಲೇಔಟ್ ಮಾಡುವವರು 100 ವರ್ಷಕ್ಕೆ ಸಾಲುವಷ್ಟು ನೀರು ಇದೆ ಅಂತ ತೋರಿಸಬೇಕು. 2023ರ ಜೂನ್‌ನಲ್ಲಿ ಸರ್ಕಾರ ಲೆಕ್ಕ ಹಾಕಿ, ಬರೀ ಅಂತರ್ಜಲ ನಂಬಿದ ಹೊಸ ಲೇಔಟ್‌ಗಳಿಗೆ ಫೀನಿಕ್ಸ್ ಸುತ್ತ ಅನುಮತಿ ನಿಲ್ಲಿಸಿತು. ಹೆಚ್ಚು ಬಿಸಿ ತಟ್ಟಿದ್ದು ಪಶ್ಚಿಮದ ಬಕೈಗೆ, ಆಗ್ನೇಯದ ಕ್ವೀನ್ ಕ್ರೀಕ್ ಕಡೆಗೆ. ಆಗಲೇ ಅನುಮತಿ ಇದ್ದ ಲೇಔಟ್‌ಗಳ ಕೆಲಸ ಮುಂದುವರಿಯಿತು, ಹಾಗಾಗಿ ಅಲ್ಲಿ ಮನೆ ತಗೊಂಡವರ ನಲ್ಲಿ ನಾಳೆಯೇ ನಿಲ್ಲುವುದಿಲ್ಲ. ಆದರೆ ನೀರಿನ ದರ ಏರುವುದು ಇಂಥ ಕಡೆಯೇ ಮೊದಲು.

ಇದೆಲ್ಲಕ್ಕಿಂತ ಎಚ್ಚರ ಬೇಕಾದ್ದು ಬೇರೆ ಒಂದಿದೆ. ಆರು ಅಥವಾ ಹೆಚ್ಚು ಸೈಟು ಮಾಡಿದರೆ ಮಾತ್ರ ಅಲ್ಲಿ ಲೇಔಟ್ ಕಾನೂನು, 100 ವರ್ಷದ ನೀರಿನ ಷರತ್ತು ಅನ್ವಯ. ಜಮೀನನ್ನು ಐದು ತುಂಡು ಮಾಡಿ ಮಾರಿದರೆ ಆ ಷರತ್ತು ಯಾರೂ ಕೇಳುವಂತಿಲ್ಲ. ನಮ್ಮ ಕಡೆ ರೆವಿನ್ಯೂ ಸೈಟು ಅಂತೀವಲ್ಲ, ಅದರ ಖಾಸಾ ತಮ್ಮ ಇದು. ಸ್ಕಾಟ್ಸ್‌ಡೇಲ್ ಪಕ್ಕದ ರಿಯೊ ವರ್ಡೆ ಫುಟ್‌ಹಿಲ್ಸ್ ಹೀಗೇ ಬೆಳೆದ ಜಾಗ. ಬೆಟ್ಟದ ನೋಟ, ಎಕರೆಗಟ್ಟಲೆ ಜಾಗ, ಕುದುರೆ ಕಟ್ಟುವಷ್ಟು ಹಿತ್ತಲು. ಬಾವಿಯಲ್ಲಿ ನೀರಿಲ್ಲದ ನೂರಾರು ಮನೆಗಳಿಗೆ ಸ್ಕಾಟ್ಸ್‌ಡೇಲ್ ನಗರದಿಂದ ಟ್ಯಾಂಕರ್‌ನಲ್ಲಿ ನೀರು. 2023ರ ಜನವರಿ 1ರಂದು ನಗರ ಆ ಟ್ಯಾಂಕರ್‌ಗಳಿಗೆ ನೀರು ತುಂಬಿಸುವುದನ್ನು ನಿಲ್ಲಿಸಿತು. ಕೋಟಿಗಟ್ಟಲೆ ಬೆಲೆಯ ಮನೆಯವರು ಮಳೆ ನೀರು ಬಕೆಟ್‌ನಲ್ಲಿ ಹಿಡಿಯುವ ಸ್ಥಿತಿ ಬಂತು. ಆಮೇಲೆ ಹೊಸ ಕಾನೂನು ತಂದು ತಾತ್ಕಾಲಿಕ ವ್ಯವಸ್ಥೆ ಮಾಡಬೇಕಾಯಿತು. ಮನೆಯ ಜಾಹೀರಾತಿನಲ್ಲಿ "ಹಾಲ್ಡ್ ವಾಟರ್" ಅನ್ನುವ ಎರಡು ಪದ ಕಂಡರೆ ಅದರ ಅರ್ಥ ಟ್ಯಾಂಕರ್ ನೀರು. "ಶೇರ್ಡ್ ವೆಲ್" ಅಂದರೆ ನಾಲ್ಕಾರು ಮನೆಗೆ ಒಂದೇ ಬೋರು. ಎರಡನ್ನೂ ಬಿಟ್ಟು ಮುಂದೆ ಹೋಗಿ.

ಎಸ್‌ಆರ್‌ಪಿ ನೆಲದ ಹಳೇ ಬೀದಿಗಳಲ್ಲಿ ಒಂದು ವಿಶೇಷ ಇದೆ. ಮೇಸಾ, ಟೆಂಪೆ, ಫೀನಿಕ್ಸ್ ನಡುಭಾಗದ ಕೆಲವು ಮನೆಗಳಿಗೆ ಇಂದಿಗೂ ಹಾಯಿ ನೀರು ಬರುತ್ತದೆ. ಹುಲ್ಲಿನ ಸುತ್ತ ಗೇಣುದ್ದದ ಬದು. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ, ಸರದಿ ಬಂದಾಗ ರಾತ್ರಿ ಎರಡು ಗಂಟೆಯಾದರೂ ಸರಿ, ಎದ್ದು ಹೋಗಿ ಹಿತ್ತಲಿನ ಕಬ್ಬಿಣದ ತಿರುಪು ತಿರುಗಿಸಿದರೆ ಕೊಳವೆ ಬಾಯಿಂದ ನೀರು ಉಕ್ಕಿ ಅಂಗಳವೆಲ್ಲ ಗದ್ದೆಯಂತೆ ತುಂಬುತ್ತದೆ. ಬೆಳಿಗ್ಗೆಗೆ ಇಂಗಿರುತ್ತದೆ. ಕೆರೆ ಕೆಳಗಿನ ಗದ್ದೆಗೆ ನೀರುಗಂಟಿಯ ಸರದಿ ಕಾದವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಬೀದಿಗಳಲ್ಲಿ ದೊಡ್ಡ ಮರಗಳಿವೆ, ಸಂಜೆ ಹೊರವಲಯಕ್ಕಿಂತ ತಂಪು. ಮನೆಗಳು ಮಾತ್ರ 1950-60ರ ಕಾಲದವು, ಒಳಗಿನ ಪೈಪು ವೈರು ಎಲ್ಲ ನೋಡಿಯೇ ತಗೋಬೇಕು.

ಈಗ ಕೆಲಸದ ದಾರಿ. ಕರ್ನಾಟಕದಿಂದ ಹೋಗುವವರಲ್ಲಿ ಬಹಳ ಮಂದಿಗೆ ಕೆಲಸ ಎರಡು ತುದಿಯಲ್ಲಿ. ಒಂದು, ದಕ್ಷಿಣ ಚಾಂಡ್ಲರ್‌ನಲ್ಲಿರುವ ಇಂಟೆಲ್‌ನ ಒಕೊಟಿಲ್ಲೊ ಕ್ಯಾಂಪಸ್ ಮತ್ತು ಹತ್ತಿರದ ಪ್ರೈಸ್ ರಸ್ತೆಯ ಕಂಪನಿಗಳು. ಇನ್ನೊಂದು, ಉತ್ತರ ಫೀನಿಕ್ಸ್‌ನಲ್ಲಿ ಐ-17 ಮತ್ತು ಲೂಪ್ 303 ಹೆದ್ದಾರಿಗಳು ಸೇರುವ ಕಡೆ ಎದ್ದಿರುವ ಟಿಎಸ್‌ಎಂಸಿ ಚಿಪ್ ಕಾರ್ಖಾನೆ. ಎರಡರ ನಡುವೆ ಸುಮಾರು 50 ಮೈಲಿ. "ಫೀನಿಕ್ಸ್‌ನಲ್ಲಿ ಕೆಲಸ" ಅಂತ ಕೇಳಿ ನೆಂಟರಿರುವ ಚಾಂಡ್ಲರ್‌ನಲ್ಲಿ ಮನೆ ಮಾಡಿ, ಟಿಎಸ್‌ಎಂಸಿಗೆ ಓಡಾಡುವುದೆಂದರೆ ದಿನಾ ಕೋಲಾರದಿಂದ ಬೆಂಗಳೂರು ದಾಟಿ ನೆಲಮಂಗಲಕ್ಕೆ ಹೋಗಿ ಬಂದ ಹಾಗೆ. ರಸ್ತೆ ಚೆನ್ನಾಗಿದೆ, ನಿಜ. ಆಯಸ್ಸು ಹೋಗುವುದು ಅಷ್ಟೇ.

ಸೂರ್ಯನ ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಚೇರಿಯ ಪಶ್ಚಿಮಕ್ಕೆ ಮನೆ ಇದ್ದರೆ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಓಡಿಸುತ್ತೀರಿ. ಎರಡು ಹೊತ್ತೂ ಬಿಸಿಲು ನೇರ ಕಣ್ಣಿಗೆ. ಪೂರ್ವಕ್ಕೆ ಮನೆ ಇದ್ದರೆ ಎರಡು ಹೊತ್ತೂ ಬೆನ್ನಿಗೆ. ಬಕೈ, ಗುಡ್‌ಇಯರ್ ಕಡೆಯಿಂದ ಐ-10 ಹಿಡಿದು ನಗರಕ್ಕೆ ಬರುವವರ ಗೋಳು ಇದೇ. ಕ್ವೀನ್ ಕ್ರೀಕ್‌ನಿಂದ ಚಾಂಡ್ಲರ್‌ಗೆ ಬರುವವರಿಗೆ ರಸ್ತೆಯ ಕಿರಿಕಿರಿ ಎಷ್ಟೇ ಇದ್ದರೂ ಈ ಒಂದು ಸುಖ ಉಂಟು.

ಏರಿಯಾಗಳನ್ನು ಒಂದೊಂದಾಗಿ ನೋಡುವುದಾದರೆ, ಹೊಸದಾಗಿ ಹೋಗುವ ಕುಟುಂಬಕ್ಕೆ ಮೊದಲ ಹೆಸರು ಚಾಂಡ್ಲರ್. ಅದಕ್ಕೆ ಕಾರಣ ಇದೆ. ಭಾರತದ ದಿನಸಿ ಅಂಗಡಿಗಳು ಹತ್ತಿರ, ರಾಗಿ ಹಿಟ್ಟು, ಸೋನಾ ಮಸೂರಿ, ಅವರೆಕಾಳು ಸಿಗುತ್ತದೆ, ಫ್ರೀಜರ್‌ನದ್ದಾದರೂ ಅವರೆಕಾಳು ಅವರೆಕಾಳೇ. ಚಾಂಡ್ಲರ್ ಯೂನಿಫೈಡ್ ಅನ್ನುವ ಶಾಲಾ ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಒಳ್ಳೇ ಹೆಸರು, ಬೇಸಿಸ್ ಚಾಂಡ್ಲರ್ ಅನ್ನುವ ಚಾರ್ಟರ್ ಶಾಲೆಗೆ (ಸರ್ಕಾರದ ದುಡ್ಡಲ್ಲಿ ಬೇರೆಯವರು ನಡೆಸುವ ಶಾಲೆ) ನಮ್ಮವರ ನೂಕುನುಗ್ಗಲು. ಟೆಂಪೆಯಲ್ಲಿರುವ ಉಡುಪಿ ಪುತ್ತಿಗೆ ಮಠದ ವೆಂಕಟಕೃಷ್ಣ ಕ್ಷೇತ್ರಕ್ಕೂ ದೂರವಿಲ್ಲ. ಇಂಟೆಲ್‌ನವರಿಗೆ ಹತ್ತು ಹದಿನೈದು ನಿಮಿಷ. ಕುಂದು ಏನು? ಬೆಲೆ ಜಾಸ್ತಿ, ಮತ್ತು ಇಲ್ಲಿನ ಮನೆಗಳಲ್ಲಿ ಬಹುಪಾಲು 1990ರಿಂದ 2005ರೊಳಗೆ ಕಟ್ಟಿದವು. ಆ ವಯಸ್ಸಿನ ಮನೆಗೆ ಸೂರಿನ ಖರ್ಚು ಕಾದಿರುತ್ತದೆ, ಅದು ಕೆಳಗೆ ಬರುತ್ತದೆ. ಆದರೂ ಮೊದಲ ವರ್ಷ ಬಾಡಿಗೆಗೆ ಇರಲು ಇದಕ್ಕಿಂತ ಸುಲಭದ ಜಾಗ ಇಲ್ಲ.

ಗಿಲ್ಬರ್ಟ್ ಚಾಂಡ್ಲರ್‌ನ ಪೂರ್ವಕ್ಕಿದೆ. ಲಕ್ಷಗಟ್ಟಲೆ ಜನ ಇದ್ದರೂ ಕಾಗದದಲ್ಲಿ ಇಂದಿಗೂ "ಟೌನ್". ಮಕ್ಕಳಿರುವ ಮನೆಗಳೇ ಹೆಚ್ಚು, ಪಾರ್ಕು ಚೆನ್ನ, ರಾತ್ರಿ ಒಂಬತ್ತಕ್ಕೆ ಊರು ಮಲಗುತ್ತದೆ. ಇಲ್ಲಿನ ವಾಟರ್ ರಾಂಚ್ ಕೊಳಗಳನ್ನು ನೋಡಿ: ಸಂಸ್ಕರಿಸಿದ ಕೊಳಚೆ ನೀರನ್ನು ನೆಲಕ್ಕೆ ಇಂಗಿಸಲು ಮಾಡಿದವು, ಈಗ ಹಕ್ಕಿಗಳ ತಾಣ. ಬೆಂಗಳೂರಿನ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಲಕ್ಷ್ಮೀಸಾಗರ, ನರಸಾಪುರದ ಕೆರೆಗಳಿಗೆ ಬಂದಾಗ ಎದ್ದ ವಾದಗಳನ್ನು ಕೇಳಿದವರಿಗೆ ಆ ದಂಡೆಯ ಮೇಲೆ ಒಂದು ಸಂಜೆ ನಡೆಯುವುದು ಮಜಾ ಕೊಡುತ್ತದೆ.

ಟೆಂಪೆ ವಿದ್ಯಾರ್ಥಿಗಳ ಊರು, ಕಾರಿಲ್ಲದೆ ಬದುಕಬಹುದಾದ ಕೆಲವೇ ಜಾಗಗಳಲ್ಲಿ ಒಂದು. ಮೇಸಾದಿಂದ ಟೆಂಪೆ ಮೂಲಕ ಫೀನಿಕ್ಸ್‌ಗೆ ಲೈಟ್ ರೈಲು ಓಡುತ್ತದೆ. ಚಾಂಡ್ಲರ್, ಗಿಲ್ಬರ್ಟ್‌ಗೆ ಅದು ಬಂದಿಲ್ಲ. ದಕ್ಷಿಣ ಟೆಂಪೆ ಮತ್ತು ಪಕ್ಕದ ಅಹ್ವಟುಕಿ ಎರಡರಲ್ಲೂ ಕೈರೀನ್ ಶಾಲಾ ಜಿಲ್ಲೆಯ ಶಾಲೆಗಳಿವೆ, ವಿಮಾನ ನಿಲ್ದಾಣ ಇಪ್ಪತ್ತು ನಿಮಿಷ. ಹೆಚ್ಚು ಜನ ಕಡೆಗಣಿಸುವ, ಆದರೆ ಎರಡು ಕಡೆ ಕೆಲಸ ಮಾಡುವ ಗಂಡ ಹೆಂಡತಿಗೆ ಚಾಂಡ್ಲರ್‌ಗಿಂತ ಹೊಂದುವ ಜಾಗ ಇದು. ಬೆಟ್ಟದಂಚಿನ ಮನೆಯಾದರೆ ಚೇಳು ಗ್ಯಾರಂಟಿ.

ಮೇಸಾ ಬಹಳ ದೊಡ್ಡದು, ಒಂದೇ ಮಾತಲ್ಲಿ ತೂಗಲು ಆಗದು. ಪೂರ್ವದ ಈಸ್ಟ್‌ಮಾರ್ಕ್ ಹೊಸದು, ಅಚ್ಚುಕಟ್ಟು. ಕ್ವೀನ್ ಕ್ರೀಕ್ ಮತ್ತು ಸ್ಯಾನ್ ಟ್ಯಾನ್ ವ್ಯಾಲಿಯಲ್ಲಿ ಅದೇ ದುಡ್ಡಿಗೆ ಇನ್ನೂ ಒಂದು ರೂಮು ಹೆಚ್ಚು ಸಿಗುತ್ತದೆ, ದಿನಾ ಒಂದು ಗಂಟೆ ರಸ್ತೆಯಲ್ಲಿ ಕಳೆಯುತ್ತದೆ. ಮಾರಿಕೋಪ ಅನ್ನುವ ಊರಿನಲ್ಲಿ ಮಹಾ ಗಣಪತಿ ದೇವಸ್ಥಾನ ಇದೆ, ಮನೆ ಅಗ್ಗ. ಆದರೆ ಫೀನಿಕ್ಸ್ ಕಡೆಗೆ ಇರುವ ಮುಖ್ಯ ರಸ್ತೆ 347 ಒಂದೇ. ಅದರಲ್ಲಿ ಅಪಘಾತ ಆದ ದಿನ ಮನೆ ಸೇರುವ ಹೊತ್ತು ದೇವರಿಗೇ ಗೊತ್ತು. ದೇವರ ದರ್ಶನಕ್ಕೆ ಹೋಗಿ ಬನ್ನಿ, ಮನೆ ಬೇಡ.

ಟಿಎಸ್‌ಎಂಸಿಯವರು ನೋಡಬೇಕಾದ್ದು ಉತ್ತರ ಪಿಯೋರಿಯ, ಡೀರ್ ವ್ಯಾಲಿ, ನಾರ್ಟೆರಾ, ಆಂಥೆಮ್. ಇಲ್ಲಿ ನಮ್ಮ ಅಂಗಡಿ ದೇವಸ್ಥಾನ ದೂರ, ಬೆಟ್ಟ ಹತ್ತಿರ. ಸರ್‌ಪ್ರೈಸ್, ಲಿಚ್‌ಫೀಲ್ಡ್ ಪಾರ್ಕ್ ಕಡೆ ಲ್ಯೂಕ್ ವಾಯುನೆಲೆಯ ಎಫ್-35 ವಿಮಾನಗಳ ಸದ್ದು. ಭಾನುವಾರ ಮನೆ ನೋಡಿದರೆ ಗೊತ್ತಾಗುವುದಿಲ್ಲ, ವಾರದ ದಿನ ಬೆಳಿಗ್ಗೆ ಹೋಗಿ ನಿಂತು ಕೇಳಿ. ಸ್ಕಾಟ್ಸ್‌ಡೇಲ್ ಚೆಂದ, ಕೈ ಸುಡುತ್ತದೆ.

ಮನೆ ಹುಡುಕುವ ಆ್ಯಪಿನಲ್ಲಿ ಒಮ್ಮೊಮ್ಮೆ ಸುತ್ತಲಿನ ಬೆಲೆಗಿಂತ ತುಂಬ ಕಡಿಮೆಗೆ, ಒಪ್ಪ ಓರಣವಾದ ಮನೆ ಕಾಣುತ್ತದೆ. ಸನ್ ಸಿಟಿ, ಸನ್ ಲೇಕ್ಸ್ ಅಂತ ಹೆಸರಿದ್ದರೆ ಹಿಗ್ಗಬೇಡಿ. ಅವು 55 ದಾಟಿದವರಿಗೆ ಮೀಸಲಾದ ಬಡಾವಣೆಗಳು. ಮಕ್ಕಳೊಂದಿಗೆ ವಾಸ ಮಾಡುವಂತಿಲ್ಲ.

ಇನ್ನು ಮನೆಯೊಳಗೆ ಬರೋಣ. ನಮ್ಮವರ ಮೊದಲ ಷರತ್ತು ಪೂರ್ವದ ಬಾಗಿಲು. ಫೀನಿಕ್ಸ್‌ನಲ್ಲಿ ಇದೇ ತಲೆನೋವು. ಅಲ್ಲಿನ ಲೇಔಟ್ ಮನೆಗಳಲ್ಲಿ ಮುಂದೆ ಗ್ಯಾರೇಜು, ಹಿಂದೆ ನಡುಮನೆ, ಹಿತ್ತಲಿಗೆ ತೆರೆಯುವ ಆಳೆತ್ತರದ ಗಾಜಿನ ಬಾಗಿಲು. ಮುಂಬಾಗಿಲು ಪೂರ್ವಕ್ಕಿದ್ದರೆ ಆ ಗಾಜೆಲ್ಲ ಪಶ್ಚಿಮಕ್ಕೆ. ಜೂನ್ ತಿಂಗಳಲ್ಲಿ ಸಂಜೆ ನಾಲ್ಕರಿಂದ ಏಳೂವರೆವರೆಗೆ ಓರೆ ಬಿಸಿಲು ನೇರ ಒಳಗೆ. ಸೂರ್ಯ ತಗ್ಗಿನಲ್ಲಿರುವುದರಿಂದ ಹಿತ್ತಲಿನ ಚಪ್ಪರವೂ ತಡೆಯದು. ಎಸಿ ಹೆಚ್ಚು ದುಡಿಯಬೇಕಾದ ಹೊತ್ತೂ, ಕರೆಂಟು ದುಬಾರಿಯಾದ ಹೊತ್ತೂ ಅದೇ. ಅದಕ್ಕೇ ಅಲ್ಲಿನವರು ಉತ್ತರ-ದಕ್ಷಿಣದ ಮನೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಉತ್ತರದ ಬಾಗಿಲು ವಾಸ್ತುವಿಗೂ ಒಪ್ಪಿತ, ಕುಬೇರನ ದಿಕ್ಕು. ಹಿತ್ತಲು ದಕ್ಷಿಣಕ್ಕೆ ಬಂದರೆ ಬೇಸಿಗೆಯ ನಡುಹಗಲಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವುದರಿಂದ ಚಪ್ಪರವೇ ಸಾಕು, ಚಳಿಗಾಲದಲ್ಲಿ ಎಳೆ ಬಿಸಿಲು ಒಳಗೆ ಬರುತ್ತದೆ. ಅಜ್ಜಿಗೂ ಎಸಿಗೂ ಇಬ್ಬರಿಗೂ ಸಮಾಧಾನ. ಪೂರ್ವವೇ ಬೇಕೆಂದರೆ ಹಿಂದಿನ ಗಾಜಿಗೆ ಹೊರಗಡೆಯಿಂದ ಬಿಸಿಲು ಪರದೆ ಹಾಕಿಸುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಒಳಗಿನ ಕರ್ಟನ್ ಎಳೆದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ.

ಎಸಿಯನ್ನು ನೋಡುವ ಕ್ರಮ ಹೀಗೆ. ಹೊರಗಿನ ಯಂತ್ರದ ಮೇಲಿನ ಪಟ್ಟಿಯಲ್ಲಿ ತಯಾರಾದ ವರ್ಷ ಓದಿ. ಆ ಊರಿನಲ್ಲಿ ಹನ್ನೆರಡರಿಂದ ಹದಿನೈದು ವರ್ಷ ಬಂದರೆ ಪುಣ್ಯ. ಅದೇ ಪಟ್ಟಿಯಲ್ಲಿ ಗ್ಯಾಸು ಆರ್-22 ಅಂತಿದ್ದರೆ ಅದರ ತಯಾರಿಕೆ 2020ರಲ್ಲೇ ನಿಂತಿದೆ. ಸೋರಿದರೆ ಇಡೀ ಯಂತ್ರ ಬದಲಿಸುವುದೇ ಲೇಸು, ಅದಕ್ಕೆ ಹತ್ತು ಸಾವಿರ ಡಾಲರ್ ಮೇಲೆ. ಅಲ್ಲಿ 500 ಚದರ ಅಡಿಗೆ ಸುಮಾರು ಒಂದು ಟನ್ ಲೆಕ್ಕ. 2,400 ಚದರ ಅಡಿಯ ಮನೆಗೆ ಮೂರೂವರೆ ಟನ್ ಇದ್ದರೆ ಯಾರೋ ಕೈಬಿಗಿ ಮಾಡಿದ್ದಾರೆ. ಒಂದು ಸಾದಾ ಥರ್ಮಾಮೀಟರ್ ತಗೊಂಡು, ಗಾಳಿ ಒಳಗೆ ಎಳೆಯುವ ಜಾಲರಿ ಹತ್ತಿರ ಒಮ್ಮೆ, ತಣ್ಣನೆ ಗಾಳಿ ಬಿಡುವ ಕಿಂಡಿ ಹತ್ತಿರ ಒಮ್ಮೆ ಹಿಡಿಯಿರಿ. ಹದಿನೈದರಿಂದ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಅಂತರ ಇರಬೇಕು. ಎರಡು ಮಹಡಿಯಾದರೆ ಮೇಲಿನ ಪಶ್ಚಿಮದ ರೂಮಿನಲ್ಲಿ ಸಂಜೆ ಐದಕ್ಕೆ ನಿಂತು ಗೋಡೆ ಮುಟ್ಟಿ. ಬೆಳಿಗ್ಗೆ ಹತ್ತಕ್ಕೆ ತೋರಿಸಿದ ಮನೆಗೆ ಅಡ್ವಾನ್ಸ್ ಕೊಡಬೇಡಿ.

ಬೇಸಿಗೆಯಲ್ಲಿ ಎಸಿ ಕೈಕೊಟ್ಟರೆ ಹತ್ತರಲ್ಲಿ ಹಲವು ಸಲ ಕಾರಣ ಕೆಪಾಸಿಟರ್. ಉದ್ದ ಲೋಟದಷ್ಟು ದೊಡ್ಡ ಬೆಳ್ಳಿ ಬಣ್ಣದ ಡಬ್ಬಿ, ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ಇರುವಂಥದ್ದೇ. ಬಿಸಿಗೆ ಅದರ ನೆತ್ತಿ ಉಬ್ಬುತ್ತದೆ, ಹೊರಗಿನ ಫ್ಯಾನು ತಿರುಗದೆ ಗುಂಯ್ ಅನ್ನುತ್ತದೆ. ವಸ್ತು ಇಪ್ಪತ್ತು ಮೂವತ್ತು ಡಾಲರ್‌ದು, ಜುಲೈ ಭಾನುವಾರ ಮೆಕ್ಯಾನಿಕ್ ಬಂದು ಹಾಕಿದರೆ ನೂರಾರು. ಏಪ್ರಿಲ್‌ನಲ್ಲೇ ಸರ್ವಿಸ್ ಮಾಡಿಸಿ ಅದನ್ನು ಅಳೆಸಿಡಿ.

ಮೇಲೆ ಹೇಳಿದ ಸೂರಿನ ವಿಷಯ. ಹೆಂಚು ಗಟ್ಟಿ, ಐವತ್ತು ವರ್ಷ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಹೆಂಚಿಗೆ ನಿಜ. ಆದರೆ ನೀರು ತಡೆಯುವುದು ಹೆಂಚಿನ ಕೆಳಗೆ ಹಾಸಿದ ಡಾಂಬರು ಹಾಳೆ. ಅದು ಬಿಸಿಲಿಗೆ ಬೆಂದು ಇಪ್ಪತ್ತರಿಂದ ಇಪ್ಪತ್ತೈದು ವರ್ಷಕ್ಕೆ ಹಪ್ಪಳದಂತೆ ಪುಡಿಯಾಗುತ್ತದೆ. ಮಳೆಯೇ ಇಲ್ಲದ ಊರಾದ್ದರಿಂದ ಜುಲೈ-ಆಗಸ್ಟ್‌ನ ಒಂದು ಜೋರು ಮಳೆಯಲ್ಲಿ ಸೋರುವವರೆಗೆ ಗೊತ್ತೇ ಆಗುವುದಿಲ್ಲ. ಹೆಂಚು ತೆಗೆದು ಹಾಳೆ ಬದಲಿಸಿ ಮತ್ತೆ ಹೊದಿಸಲು ದೊಡ್ಡ ಮನೆಗೆ ಹದಿನೈದು ಸಾವಿರ ಡಾಲರ್ ದಾಟುತ್ತದೆ. 2002ರ ಮನೆಯಾದರೆ ಹಾಳೆ ಬದಲಿಸಿದ ಬಿಲ್ಲು ಕೇಳಿ. ಇಲ್ಲದಿದ್ದರೆ ಅಷ್ಟು ಬೆಲೆ ಇಳಿಸಲು ಚೌಕಾಸಿ ಮಾಡಿ.

ನೀರು ಗಡಸು, ಗ್ಯಾಲನ್‌ಗೆ ಹನ್ನೆರಡರಿಂದ ಹದಿನೇಳು ಗ್ರೇನ್. ನಮ್ಮ ಬೋರ್ ನೀರಿನ ಹಂಡೆಗೆ ಕಟ್ಟುವ ಬಿಳಿ ಹರಳು ಅಲ್ಲೂ ನಲ್ಲಿ ಬಾಯಿಗೆ, ಗೀಸರ್ ಹೊಟ್ಟೆಗೆ ಕಟ್ಟುತ್ತದೆ. ಗ್ಯಾರೇಜಿನ ಗೋಡೆಯಲ್ಲಿ ಯು ಆಕಾರಕ್ಕೆ ಬಾಗಿಸಿ ಬಿಟ್ಟ ಎರಡು ಪೈಪು ಕಂಡರೆ ಒಳ್ಳೆಯದು, ಗಡಸು ತೆಗೆಯುವ ಉಪ್ಪಿನ ಸಾಫ್ಟ್‌ನರ್ ಕೂರಿಸಲು ಬಿಟ್ಟ ಜಾಗ ಅದು. ಕುಡಿಯಲು ಸಿಂಕ್ ಕೆಳಗೆ ಆರ್‌ಒ.

ಚೇಳು. ಅಲ್ಲಿನದು ಒಣ ಹುಲ್ಲಿನ ಬಣ್ಣದ ಸಣ್ಣ ಬಾರ್ಕ್ ಚೇಳು, ಗೋಡೆ ಹತ್ತುತ್ತದೆ, ಮಕ್ಕಳಿಗೆ ಅಪಾಯ. ಮನೆ ಗೊತ್ತು ಮಾಡುವ ಮುಂಚೆ ಬೇಸಿಗೆಯ ರಾತ್ರಿ ಒಂಬತ್ತಕ್ಕೆ ಯುವಿ ಟಾರ್ಚ್ ಹಿಡಿದು ಹಿತ್ತಲಿನ ಕಾಂಪೌಂಡ್ ಗೋಡೆ ನೋಡಿ. ಇದ್ದರೆ ಹಸಿರಾಗಿ ಹೊಳೆಯುತ್ತವೆ. ಔಷಧಿ ಹೊಡೆಸುವುದಕ್ಕಿಂತ ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಪೈಪು ಬರುವ ತೂತುಗಳಿಗೆ ಮುಚ್ಚಿಗೆ ಹಾಕಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಒಂದು ಕ್ರೆಡಿಟ್ ಕಾರ್ಡ್ ತೂರುವ ಸಂದಿ ಅದಕ್ಕೆ ಸಾಕು.

ಕರೆಂಟು ಕಂಪನಿಯನ್ನು ಆರಿಸುವ ಹಕ್ಕು ನಿಮಗಿಲ್ಲ, ವಿಳಾಸವೇ ಆರಿಸುತ್ತದೆ. ಪೂರ್ವದಲ್ಲಿ ಬಹುತೇಕ ಎಸ್‌ಆರ್‌ಪಿ (ಕಾಲುವೆ ನೋಡಿಕೊಳ್ಳುವ ಅದೇ ಸಂಸ್ಥೆ, ಕರೆಂಟೂ ಕೊಡುತ್ತದೆ), ಉತ್ತರ ಪಶ್ಚಿಮದಲ್ಲಿ ಬಹಳ ಕಡೆ ಎಪಿಎಸ್ ಅನ್ನುವ ಕಂಪನಿ. ಎಪಿಎಸ್‌ನ ಸಮಯಕ್ಕೆ ತಕ್ಕ ದರದಲ್ಲಿ ವಾರದ ದಿನ ಸಂಜೆ 4ರಿಂದ 7 ದುಬಾರಿ. ಅದಕ್ಕೆ ಉಪಾಯ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮನೆಯನ್ನು 74 ಡಿಗ್ರಿ ಫ್ಯಾರನ್‌ಹೀಟ್‌ಗೆ ತಣ್ಣಗೆ ಮಾಡಿ, ನಾಲ್ಕಕ್ಕೆ 80ಕ್ಕೆ ಏರಿಸಿ ಬಿಡುವುದು. ಅಟ್ಟದಲ್ಲಿ ಶಾಖ ತಡೆಯುವ ಹತ್ತಿ ಒಂದಡಿ ದಪ್ಪ ಇದ್ದರೆ ಏಳರವರೆಗೆ ತಡೆಯುತ್ತದೆ. ಇಲ್ಲದಿದ್ದರೆ ಐದಕ್ಕೇ ಎಸಿ ಶುರು. ಈಜುಕೊಳ ಇದ್ದರೆ ಅದರ ಪಂಪಿನ ಬಿಲ್ಲು ಬೇರೆ, ವರ್ಷಕ್ಕೆ ಐದಾರು ಅಡಿ ನೀರು ಆವಿಯಾಗಿ ಹೋಗುತ್ತದೆ. ಆರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಕೊಳಕ್ಕೆ ಐದಡಿ ಬೇಲಿ ಇರಬೇಕೆಂದು ಅಲ್ಲಿನ ಕಾನೂನು. ಕಾನೂನು ಇಲ್ಲದಿದ್ದರೂ ಹಾಕಿಸಿ.

ಬಡಾವಣೆಯ ಸಂಘ, ಎಚ್‌ಒಎ, ತಿಂಗಳ ಚಂದಾ ಕೇಳುತ್ತದೆ, ಮುಂದಿನ ಅಂಗಳದ ಕಳೆಗೂ ಕಸದ ಡಬ್ಬಿಗೂ ನೋಟಿಸ್ ಕಳಿಸುತ್ತದೆ. ಸಂಡಿಗೆ ಹಪ್ಪಳ ಮುಂದೆ ಹರಡಿದರೆ ಪತ್ರ ಬಂದೀತು, ಹಿತ್ತಲಲ್ಲಿ ಆರಡಿ ಗೋಡೆಯ ಮರೆ ಇದೆ. ಮೇ ತಿಂಗಳ ಆ ಬಿಸಿಲಿಗೆ ಬೆಳಿಗ್ಗೆ ಇಟ್ಟ ಸಂಡಿಗೆ ಸಂಜೆಗೆ ಗಲಗಲ ಅನ್ನುತ್ತದೆ, ಇದೊಂದರಲ್ಲಿ ಕೋಲಾರಕ್ಕಿಂತ ಆ ಊರೇ ಮೇಲು. ಎಚ್‌ಒಎಗಿಂತ ಗಮನಿಸಬೇಕಾದ್ದು ಸಿಎಫ್‌ಡಿ ಅನ್ನುವ ತೆರಿಗೆ. ಈಸ್ಟ್‌ಮಾರ್ಕ್, ಬಕೈಯ ವೆರಾಡೊದಂಥ ಹೊಸ ಲೇಔಟ್‌ಗಳಲ್ಲಿ ರಸ್ತೆ, ಚರಂಡಿಗೆ ಮಾಡಿದ ಸಾಲವನ್ನು ಮನೆಯವರ ಆಸ್ತಿ ತೆರಿಗೆ ಜೊತೆ ವಸೂಲಿ ಮಾಡುತ್ತಾರೆ. ಮನೆಯ ಬೆಲೆ ನೋಡಿ ಹಿಗ್ಗುವ ಮುಂಚೆ ಕಳೆದ ವರ್ಷದ ತೆರಿಗೆ ಬಿಲ್ಲನ್ನು ಪೂರ್ತಿ ತರಿಸಿ ಓದಿ.

ಬಾಡಿಗೆಯವರಿಗೆ ಎರಡು ಒಳ್ಳೇ ಸುದ್ದಿ. ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಾಗಲ್ಲ, ಅರಿಜೋನದಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ಬಾಡಿಗೆ ಮೇಲೆ ನಗರಗಳು ಹಾಕುತ್ತಿದ್ದ ತೆರಿಗೆಯೂ 2025ರ ಜನವರಿ 1ರಿಂದ ಹೋಗಿದೆ. ಯಾರಾದರೂ ಇನ್ನೂ ಸೇರಿಸಿದ್ದರೆ ತೆಗೆಸಿ.

ಶಾಲೆ ಜುಲೈ ಕೊನೆಗೇ ಶುರುವಾಗುತ್ತದೆ. ಅಮೆರಿಕ ಅಂದರೆ ಸೆಪ್ಟೆಂಬರ್ ಅಂದುಕೊಂಡು ಆಗಸ್ಟ್ ಕೊನೆಗೆ ಇಳಿದರೆ ಮಗು ಒಂದು ತಿಂಗಳು ಹಿಂದೆ. ಶಾಲಾ ಜಿಲ್ಲೆಗೂ ಊರಿನ ಗಡಿಗೂ ಸಂಬಂಧವಿಲ್ಲ: ಗಿಲ್ಬರ್ಟ್ ವಿಳಾಸದ ಮನೆ ಚಾಂಡ್ಲರ್ ಜಿಲ್ಲೆಯಲ್ಲಿರಬಹುದು. ಬೇರೆ ಜಿಲ್ಲೆಯ ಶಾಲೆಗೂ ಸೀಟಿದ್ದರೆ ಸೇರಿಸಬಹುದು, ಆದ್ದರಿಂದ ಶಾಲೆಗೋಸ್ಕರ ಎರಡು ಬೀದಿ ಆಚೆಯ ದುಬಾರಿ ಮನೆ ಹಿಡಿಯುವ ಅಗತ್ಯ ಕಡಿಮೆ.

ಮನೆ ಹಿಂದೆ ಒಣ ಹಳ್ಳ ಇದ್ದರೆ ನಕ್ಷೆ ತೆಗೆದು ಪ್ರವಾಹದ ವಲಯ ನೋಡಿ. ಉತ್ತರ ಪಿನಾಕಿನಿ ವರ್ಷಗಟ್ಟಲೆ ಮರಳಾಗಿದ್ದು ಒಂದು ರಾತ್ರಿ ಸೇತುವೆ ಮುಟ್ಟಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಹರಿಯುವ ಹಳ್ಳಕ್ಕೆ ಅಡ್ಡ ಇಟ್ಟ ತಡೆ ದಾಟಿ ಕಾರು ಇಳಿಸಿ ಸಿಕ್ಕಿಕೊಂಡರೆ ಎತ್ತಿ ತಂದ ಖರ್ಚು ನಿಮ್ಮಿಂದಲೇ ವಸೂಲಿ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದು ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಮೊಮ್ಮಕ್ಕಳ ರಜೆ ಅಂತ ಜೂನ್‌ನಲ್ಲಿ ಕರೆಸಿದರೆ ಎರಡು ತಿಂಗಳು ಮನೆಯೊಳಗೇ ಬಂದಿ. ಅರಿಜೋನದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ, ವರ್ಷವಿಡೀ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಕೋಲಾರದಲ್ಲಿ ಬೆಳಿಗ್ಗೆ ಎಂಟಾದರೆ ಅಲ್ಲಿ ಹಿಂದಿನ ಸಂಜೆ ಏಳೂವರೆ. ಚಾಂಡ್ಲರ್, ಟೆಂಪೆಯಲ್ಲಿ ಚಾಲಕನಿಲ್ಲದ ವೇಮೊ ಕಾರು ಸಿಗುವುದರಿಂದ, ಡ್ರೈವಿಂಗ್ ಬಾರದ ಹಿರಿಯರು ದೇವಸ್ಥಾನಕ್ಕೆ ತಾವೇ ಹೋಗಿ ಬರಬಹುದು. ಡ್ರೈವರ್ ಜೊತೆ ಮಾತಾಡುವ ಅಭ್ಯಾಸ ಇರುವವರಿಗೆ ಸ್ವಲ್ಪ ಬೇಜಾರು.

ಅವರು ವಾಪಸ್ಸಾದ ಮೇಲಿನ ಒಂದು ವಿಷಯವೂ ಇದೆ. ಅಲ್ಲಿನ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ, ಧೂಳಿನ ಜೊತೆ ಶ್ವಾಸಕೋಶ ಸೇರಿದರೆ ವ್ಯಾಲಿ ಫೀವರ್ ಬರುತ್ತದೆ. ಹೊಸ ಕಟ್ಟಡಗಳ ಅಗೆತ ನಡೆಯುವ ಕಡೆ, ಧೂಳಿನ ಬಿರುಗಾಳಿ ಎದ್ದ ದಿನ ಕಿಟಕಿ ಮುಚ್ಚಿ ಒಳಗಿರಬೇಕು. ಜ್ವರ, ಕೆಮ್ಮು, ಸುಸ್ತು ಕಾಣಿಸುವುದು ಒಂದರಿಂದ ಮೂರು ವಾರದ ನಂತರ. ಅಷ್ಟರಲ್ಲಿ ಹಿರಿಯರು ಊರಿಗೆ ಬಂದಿರುತ್ತಾರೆ. ಎಕ್ಸ್‌ರೇಯಲ್ಲಿ ಅದು ನ್ಯುಮೋನಿಯಾದಂತೆಯೋ ಕ್ಷಯದಂತೆಯೋ ಕಾಣುವುದರಿಂದ ಇಲ್ಲಿನ ಡಾಕ್ಟರಿಗೆ ಆ ಹೆಸರು ಹೊಳೆಯುವುದು ಕಷ್ಟ. "ಅರಿಜೋನದಲ್ಲಿ ಇಷ್ಟು ದಿನ ಇದ್ದೆ, ವ್ಯಾಲಿ ಫೀವರ್ ಇರಬಹುದಾ ನೋಡಿ ಸಾರ್" ಅಂತ ಕುರ್ಚಿಯಲ್ಲಿ ಕೂತ ತಕ್ಷಣ ಹೇಳಲು ಮೊದಲೇ ತಿಳಿಸಿಡಿ.